ಒಡೆಯದೆ ಉಳಿದ ಒಲೆ

ಉಜ್ಬೇಕಿಸ್ತಾನದ ಚುಸ್ತ್ ಊರಿನ ಆ ಮನೆಗೆ ಹೋಸಿಯತ್ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಹಿತ್ತಲ ತೋಟಕ್ಕೆ ಅಷ್ಟೂ ವರ್ಷ ನೀರು ಹಾಯಿಸಿದವಳು ಅವಳು. ಚಳಿಗಾಲಕ್ಕೆ ದ್ರಾಕ್ಷಿ ಬಳ್ಳಿಗಳನ್ನು ಮಣ್ಣಲ್ಲಿ ಹೂತು, ಚಳಿ ಹೋದಮೇಲೆ ಎತ್ತಿ ಕಟ್ಟುತ್ತಿದ್ದವಳೂ ಅವಳೇ. ಆದರೆ ಅತ್ತೆಯ ಮೊಮ್ಮಗಳ ಮದುವೆಗೆ ಮುಂಚೆ ತೋಟವನ್ನು ಹೊಸದಾಗಿ ಮಾಡಿಸಬೇಕು ಎಂದಾದಾಗ, ಅತ್ತೆ ಆ ಕೆಲಸವನ್ನು ಕಿರಿಯ ಸೊಸೆ ಮುಅತ್ತರ್‌ಗೆ ಒಪ್ಪಿಸಿದರು.

ಮುಅತ್ತರ್ ತಾಷ್ಕೆಂಟಿನಲ್ಲಿ ಶಾಲೆಯ ಟೀಚರ್ ಆಗಿದ್ದವಳು, ಈ ಮನೆಗೆ ಬಂದು ಇನ್ನೂ ಎರಡು ವರ್ಷ. ಗುದ್ದಲಿ ಹಿಡಿಯುವ ಮೊದಲು ಅವಳು ನೋಟ್‌ಬುಕ್ ಹಿಡಿದು ಒಂದು ವಾರ ತೋಟ ಸುತ್ತಿದಳು. ಅಲ್ಲಿ ಯಾವ್ಯಾವ ಜೀವ ವಾಸವಾಗಿದೆಯೋ ಅದರ ಮನೆ ಹೋಗಬಾರದು ಎಂಬುದು ಅವಳ ಪಟ್ಟು. ಮಣ್ಣಿನ ಗೋಡೆಯ ಅರ್ಧ ಭಾಗಕ್ಕೆ ಗಾರೆ ಬೇಡ, ಅಲ್ಲಿ ಜೇನುನೊಣದಂಥ ಹುಳುಗಳ ತೂತುಗಳಿವೆ. ಹಿಪ್ಪುನೇರಳೆ ಮರದ ಕೊಂಬೆ ಈಗ ಕಡಿಯುವುದು ಬೇಡ, ಹೊನ್ನಕ್ಕಿಯ ಗೂಡಿದೆ. ಸೌದೆ ರಾಶಿ ಅಲ್ಲೇ ಇರಲಿ, ಅದರಡಿಯಲ್ಲಿ ಮುಳ್ಳಿಲಿ ಇದೆ.

ನೆರೆಯವರು ನೋಡಲು ಬಂದರು, ಮೆಚ್ಚಿದರು. ಒಂದು ಸಂಜೆ ಚಹಾಕ್ಕೆ ಕೂತಾಗ ಅತ್ತೆ ಎಲ್ಲರೆದುರು ಹೇಳಿದರು.

"ಇಷ್ಟು ವರ್ಷ ನಾವೆಲ್ಲ ಕಣ್ಣಿದ್ದೂ ಕುರುಡರ ಹಾಗೆ ಬದುಕಿದ್ವಿ ನೋಡಿ. ಇವಳು ಬಂದ್ಮೇಲೆ ಗೊತ್ತಾಯ್ತು."

ಹೊನ್ನಕ್ಕಿ ಆ ಮರಕ್ಕೆ ಪ್ರತಿವರ್ಷ ಯಾವ ವಾರ ಬರುತ್ತದೆಂದು ಹೋಸಿಯತ್‌ಗೆ ಗೊತ್ತು. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಅಷ್ಟೆ. ಅವಳು ಮುಅತ್ತರ್‌ಳ ಬಟ್ಟಲಿಗೆ ಅಂಚಿನವರೆಗೆ ಚಹಾ ಸುರಿದಳು. ಗೌರವದ ಅತಿಥಿಗೆ ಅರ್ಧ ಬಟ್ಟಲು ಹಾಕಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಅತ್ತೆಯ ಕಣ್ಣು ಬಟ್ಟಲ ಮೇಲೆ ಬಿತ್ತು, ಮುಖ ಬಿಗಿಯಿತು. ಮುಅತ್ತರ್ ಮಾತ್ರ ಏನೂ ಆಗದವಳಂತೆ ಚೆಲ್ಲದ ಹಾಗೆ ಎತ್ತಿ ಕುಡಿದಳು. ಅದು ಹೋಸಿಯತ್‌ಳನ್ನು ಇನ್ನಷ್ಟು ಉರಿಸಿತು.

ಎರಡು ದಿನದ ನಂತರ ಅವಳು ಬೂದಿ ಚೆಲ್ಲಲು ಹೋದಾಗ ತೋಟದ ಮೂಲೆಯ ಹಳೆಯ ತಂದೂರಿ ಒಲೆಯೊಳಗಿಂದ ಸಣ್ಣ ಚಿಲಿಪಿಲಿ ಕೇಳಿಸಿತು. ಬಗ್ಗಿ ನೋಡಿದರೆ ಒಣ ಎಲೆಗಳ ನಡುವೆ ಐದು ಮರಿ, ಬೆರಳುದ್ದ, ಮುಳ್ಳಿನ್ನೂ ಬೆಳ್ಳಗೆ. ತಾಯಿ ಮುಳ್ಳಿಲಿ ಸೌದೆ ರಾಶಿ ಬಿಟ್ಟು ಇಲ್ಲಿಗೆ ಬಂದು ಈದಿತ್ತು. ಮುಅತ್ತರ್‌ಳ ನೋಟ್‌ಬುಕ್ಕಿನಲ್ಲಿ ಮಾತ್ರ ಅದು ಇನ್ನೂ ಸೌದೆಯಡಿಯಲ್ಲೇ ಇತ್ತು. ಕಲ್ಲುಹಾದಿಗೆ ಜಾಗ ಮಾಡಲು ಶುಕ್ರವಾರ ಒಲೆ ಒಡೆಯುವುದೆಂದೂ ಅದರಲ್ಲೇ ಬರೆದಿತ್ತು.

ಹೋಸಿಯತ್ ಸುಮ್ಮನಿದ್ದಳು. ಒಡೆಯಲಿ. ಎಲ್ಲರೆದುರು ಮರಿಗಳು ಸಾಯಲಿ, ಆಮೇಲೆ ಅತ್ತೆ ಯಾರ ಕಣ್ಣನ್ನು ಹೊಗಳುತ್ತಾರೋ ನೋಡೋಣ. ಮೂರು ದಿನ ಅವಳು ಆ ದೃಶ್ಯವನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ ಸುಖಪಟ್ಟಳು.

ಶುಕ್ರವಾರ ಮೇಸ್ತ್ರಿ ಮಾಮಾಜಾನ್ ಹಾರೆ ಎತ್ತಿದ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಹೋಸಿಯತ್‌ಗೆ ತಾನು ಯಾವಾಗ ಓಡಿದೆನೆಂದೇ ತಿಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ಒಲೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಇದನ್ನ ಮುಟ್ಟಬೇಡಿ. ನಾನು ಮೊದಲ ರೊಟ್ಟಿ ಸುಟ್ಟ ಒಲೆ ಇದು."

ಅವಳ ಗಂಡ ತೊಹ್ತಾಸಿನ್ ಕೆಲಸಗಾರರ ಮುಂದೆಯೇ ರೇಗಿದ. "ನಿನಗೇನು ತಲೆ ಕೆಟ್ಟಿದೆಯಾ? ಹತ್ತು ವರ್ಷದಿಂದ ಆ ಒಲೆ ಹೊತ್ತಿಸಿಯೇ ಇಲ್ಲ. ಅವಳು ಮಾಡಿಸ್ತಾ ಇದಾಳಲ್ಲ ಅನ್ನೋದೇ ನಿನಗೆ ಆಗ್ತಿಲ್ಲ."

ಅದು ಸುಳ್ಳೂ ಅಲ್ಲ. ಮರಿಗಳಿವೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಅದೂ ಮುಅತ್ತರ್‌ಳ ಪಟ್ಟಿಗೆ ಸೇರುತ್ತದೆ, ಹೊಗಳಿಕೆಯೂ ಅವಳಿಗೇ. ಹೋಸಿಯತ್ ಹೊಟ್ಟೆಕಿಚ್ಚಿನ ಹೆಂಗಸು ಎನ್ನಿಸಿಕೊಂಡೇ ಕೂತಳು. ಮಾಮಾಜಾನ್ ಹಾರೆ ಕೆಳಗಿಟ್ಟ.

ಹೊಸ ಕಲ್ಲುಹಾದಿ ಆ ಒಲೆಯನ್ನು ಬಳಸಿಕೊಂಡು ಸೊಟ್ಟಗೆ ಹೋಯಿತು. ಬಂದವರೆಲ್ಲ ಇದೇನು ಎಂದು ಕೇಳುವರು, ಅತ್ತೆ ಹಿರಿಯ ಸೊಸೆಯ ಹಟ ಎನ್ನುವರು. ಮೂರು ವಾರ ಹೀಗೇ ನಡೆಯಿತು.

ಒಂದು ಮುಸ್ಸಂಜೆ ಮುಅತ್ತರ್ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದಾಗ ಒಲೆಯ ಬಾಯಿಂದ ತಾಯಿ ಮುಳ್ಳಿಲಿ ಹೊರಬಂತು. ಹಿಂದೆ ಸಾಲಾಗಿ ಐದು ಮರಿ, ದೇಹಕ್ಕಿಂತ ಕಿವಿಯೇ ದೊಡ್ಡದು. ಮುಅತ್ತರ್ ಬಕೆಟ್ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಸೀದಾ ಅಡುಗೆಮನೆಗೆ ಬಂದಳು.

"ಅಕ್ಕ, ಅವತ್ತೇ ನಿಮಗೆ ಗೊತ್ತಿತ್ತಾ?"

"ಅದಕ್ಕೂ ಮೂರು ದಿನ ಮುಂಚೆ."

"ಯಾಕೆ ಹೇಳಲಿಲ್ಲ?"

"ನೀನು ಒಡೆಸಿ ಮುಖ ಕೆಡಿಸ್ಕೊಳ್ಳಲಿ ಅಂತ." ಇಷ್ಟು ನೇರವಾಗಿ ಬಾಯಿಂದ ಬಂದದ್ದಕ್ಕೆ ಹೋಸಿಯತ್‌ಗೇ ಗಾಬರಿಯಾಯಿತು.

ಮುಅತ್ತರ್‌ಳ ಮುಖ ಕೆಂಪಾಯಿತು. "ಒಡೆಯೋಕೆ ಬಿಡಲಿಲ್ಲವಲ್ಲ" ಎಂದಳು. ಅತ್ತೆಯ ಬಳಿ ಹೋಗಿ, ಒಲೆ ಉಳಿಸಿದ್ದು ಅಕ್ಕ, ತಾನು ನೋಡದೆ ತಪ್ಪು ಬರೆದಿದ್ದೆ ಎಂದು ಹೇಳಿದಳು. ಅತ್ತೆ ಆ ರಾತ್ರಿ ಹೋಸಿಯತ್‌ಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ತಮ್ಮ ತಟ್ಟೆಯ ಮಾಂಸವನ್ನು ಅವಳ ತಟ್ಟೆಗೆ ಹಾಕಿದರು.

ಮರುದಿನ ಮುಅತ್ತರ್ ನೋಟ್‌ಬುಕ್ ತಂದು, ಇನ್ನೇನೇನು ಬಿಟ್ಟುಹೋಗಿದೆ ಎಂದು ಕೇಳಿದಳು. ಹೋಸಿಯತ್ ಹೇಳುತ್ತ ಹೋದಳು: ಕಾಲುವೆಯ ಕಲ್ಲಿನಡಿಯ ನೆಲಗಪ್ಪೆಗಳು, ದ್ರಾಕ್ಷಿ ಚಪ್ಪರದ ಕಂಬದಲ್ಲಿ ಗುಬ್ಬಚ್ಚಿ, ಗೋಡೆಯ ಹಲ್ಲಿಗಳು. ಮುಅತ್ತರ್ ಎಲ್ಲ ಬರೆದುಕೊಂಡಳು.

"ಇಷ್ಟೇನಾ ಅಕ್ಕ?"

"ಇಷ್ಟೇ."

ಅಕ್ರೋಟು ಮರದ ಪೊಟರೆಯ ಗೂಬೆಯ ವಿಷಯ ಅವಳು ಹೇಳಲಿಲ್ಲ. ಆ ಮರವನ್ನು ಯಾರೂ ಕಡಿಯುವವರಿರಲಿಲ್ಲ.