ಆರಿಸಿದ ಇಪ್ಪತ್ತೈದು ಕಲ್ಲು

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಪರೀಕ್ಷಿಸುವ ಕ್ಯಾಮೆರಾದ ಕೆಂಪು ದೀಪ ಮತ್ತೆ ಹೊತ್ತಿತು. ಬೆಳಿಗ್ಗೆಯಿಂದ ಅದು ಬೇಡವೆಂದ ಹದಿನಾಲ್ಕನೆಯ ಕಲ್ಲು ಇದು. ಮುಸರತ್‌ಗೆ ಆ ಕ್ಯಾಮೆರಾವನ್ನು ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂತು. ಕಲ್ಲಿಗೇನು ಧಾಡಿ? ಅಂಗೈ ಆಡಿಸಿದರೆ ಚರ್ಮದಂಥ ಸಣ್ಣ ತರಿ ಸಿಗುತ್ತದೆ, ಗಿರಾಕಿಗಳು ಕೇಳುವುದೂ ಅದನ್ನೇ. ಹತ್ತು ವರ್ಷದಿಂದ ಕಲ್ಲು ತಪಾಸಣೆ ಮಾಡುತ್ತಿರುವ ತನಗೆ ಇಷ್ಟೂ ತಿಳಿಯದೇ?

ಕ್ಯಾಮೆರಾ ಬಂದು ಮೂರು ವಾರವಾಗಿತ್ತು. ಒಳ್ಳೆಯ ಕಲ್ಲಿನ ಮೈ ಹೇಗಿರುತ್ತದೆಂದು ಅದು ಮೊದಲು ಇಪ್ಪತ್ತೈದು ಕಲ್ಲು ನೋಡಿ ಕಲಿತಿತ್ತು. ಆ ಅಳತೆ ಮೀರಿದ್ದಕ್ಕೆಲ್ಲ ಕೆಂಪು. ಮಾಲೀಕ ಮಾಳಿಂಗಪ್ಪ ದೀಪವನ್ನೇ ನಂಬಿದ. ಪಾಲಿಶ್ ಮಾಡುವ ಹನುಮಂತುವಿನ ಕೈ ಕೆಟ್ಟಿದೆ, ನಾಳೆಯಿಂದ ಅವನು ಬರುವುದು ಬೇಡ ಎಂದುಬಿಟ್ಟಿದ್ದ.

ತಡೆಯಲಾಗದೆ ಮುಸರತ್ ಕ್ಯಾಮೆರಾ ಕೂರಿಸಿದ ಎಂಜಿನಿಯರನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದಳು. ಆತ ಎಲ್ಲ ಕೇಳಿಸಿಕೊಂಡು, ಆ ಇಪ್ಪತ್ತೈದು ಕಲ್ಲನ್ನು ಹೇಗೆ ತೆಗೆದಿರಿ ಎಂದಷ್ಟೇ ಕೇಳಿದ.

“ಹ್ಯಾಂಗ ಅಂದ್ರ? ಪರ ಊರಿಂದ ಬಂದೋರ ಮುಂದ ಹುಳುಕು ಇಡ್ತಾರೇನ್ರಿ? ಹಳೇ ಮಾಲಿನಾಗ ಹುಡುಕಿ ಹುಡುಕಿ ಚೊಲೋವು ಆರಿಸಿ, ಎಣ್ಣಿ ಬಟ್ಟಿಲೆ ಒರಸಿ ಇಟ್ಟಿದ್ದೆ.”

ಎಂಜಿನಿಯರ್ ನಿಟ್ಟುಸಿರು ಬಿಟ್ಟ. ಕಲ್ಲನ್ನು ಪಾಲಿಶ್ ಯಂತ್ರದಿಂದ ಬಂದ ಹಾಗೇ, ಆರಿಸದೆ, ಎಣ್ಣೆ ಒರೆಸದೆ ಕೊಡಬೇಕಿತ್ತು. ಕಲ್ಲಿನಿಂದ ಕಲ್ಲಿಗೆ ಒಂಚೂರು ಹೆಚ್ಚುಕಡಿಮೆ ಇರುವುದೂ ಸರಿಯೇ ಎಂದು ಕ್ಯಾಮೆರಾ ಆಗ ಕಲಿಯುತ್ತಿತ್ತು ಎಂದ. ಮೂರು ವಾರದಿಂದ ಕ್ಯಾಮೆರಾಕ್ಕೆ ಹಾಕಿದ ಶಾಪವೆಲ್ಲ ತನಗೇ ಸಲ್ಲಬೇಕಿತ್ತಲ್ಲ ಎಂದು ಮುಸರತ್‌ಗೆ ನಾಚಿಕೆಯಾಯಿತು.

ಅವಳು ಮಾಲೀಕನ ಕೋಣೆಗೆ ಓಡಿದಾಗ ಹನುಮಂತು ಬುತ್ತಿ ಚೀಲ ಹಿಡಿದು ಮಾಳಿಂಗಪ್ಪನ ಮುಂದೆ ನಿಂತಿದ್ದ. ಅವಳು ತನ್ನ ತಪ್ಪನ್ನೆಲ್ಲ ಒಪ್ಪಿಕೊಂಡಳು. ಮಾಳಿಂಗಪ್ಪ ಕರಗಲಿಲ್ಲ. ಅಷ್ಟು ಚೆಂದದ ಇಪ್ಪತ್ತೈದು ಕಲ್ಲು ಇದೇ ಕಾರ್ಖಾನೆಯಲ್ಲಿ ಆಗಿವೆಯಲ್ಲ, ಹಾಗಾದರೆ ಅವನ್ನು ಉಜ್ಜಿದವನು ಯಾರೋ ಅವನನ್ನೇ ಕೆಲಸಕ್ಕೆ ಕರೆಸು ಎಂದ.

“ಇವನೇ ರೀ,” ಅಂದಳು ಮುಸರತ್. “ಇಪ್ಪತ್ತೈದೂ ಇವನ ಕೈಯಾಗಿನವು. ಇವನ ಚೊಲೋ ಕೆಲಸಾನೇ ಮುಂದಿಟ್ಟು ಇವನ್ನ ಹೊರಗ ಹಾಕಾಕತ್ತೀವಿ.”

ಮಾಳಿಂಗಪ್ಪ ಕೊನೆಗೆ ಒಪ್ಪಿದ. ಹನುಮಂತು ಇರಲಿ, ಆರಿಸದೆ ಹೊಸದಾಗಿ ಇಪ್ಪತ್ತೈದು ಕಲ್ಲು ತೆಗೆಯಿರಿ ಎಂದ.

ಹನುಮಂತು ಬುತ್ತಿ ಚೀಲವನ್ನು ಮತ್ತೆ ಮೊಳೆಗೆ ತಗಲಿಹಾಕಿದ. ತನ್ನ ಕಲ್ಲಿಗೆಲ್ಲ ಕೆಂಪು ಬಿದ್ದ ಸಿಟ್ಟಿಗೆ ಮೂರು ವಾರದಿಂದ ಅವಳೊಂದಿಗೆ ಮಾತು ಬಿಟ್ಟಿದ್ದವನು ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

“ಈ ಸಲ ಎಣ್ಣಿ ಹಚ್ಚಬ್ಯಾಡ, ತಂಗಿ.”