ಎರಡೂವರೆ ಇಂಚು

ಡ್ರಾಯಿಂಗ್ ಮೇಷ್ಟ್ರು ಗಿಡ್ಡ ಆಸಾಮಿ. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಸ್ಟೂಲು ಹಾಕಿಕೊಳ್ಳುತ್ತಿದ್ದರು. ಮಕ್ಕಳು ನಕ್ಕರೆ ತಾವೂ ನಗುತ್ತಿದ್ದರು. ಐವತ್ತೆರಡು ವರ್ಷವಾದರೂ ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅವರ ಹೆಂಡತಿಗೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಆಕೆ ಹನ್ನೊಂದು ವರ್ಷ ತನ್ನ ಸಣ್ಣ ಬೈಕಿನ ಹಿಂದೆ ಗಂಡನನ್ನು ಕೂರಿಸಿಕೊಂಡು ಶಾಲೆಗೆ ಬಿಟ್ಟು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದಳು.

"ಒಂದು ಸಲನಾದ್ರೂ ನಿನ್ನನ್ನ ಹಿಂದೆ ಕೂರಿಸ್ಕೊಂಡು ಸಮುದ್ರದ ತನಕ ಹೋಗ್ಬೇಕು ಕಣೇ" ಅಂತ ಮೇಷ್ಟ್ರು ಹೇಳುತ್ತಲೇ ಇದ್ದರು. ಕೊನೆಗೆ ಹಠ ಹಿಡಿದು ಕಲಿತರು. ದೂರ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಬೈಕೊಂದನ್ನು ತಂದೇಬಿಟ್ಟರು. ತಂದ ಮೇಲೆ ಗೊತ್ತಾಯಿತು, ಸೀಟಿನ ಮೇಲೆ ಕೂತರೆ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತದೆ ಅಂತ.

ಎತ್ತರ ಇಳಿಸಿಕೊಡಿ ಅಂತ ಮೂಲೆ ಶೆಡ್ಡಿನ ಮೆಕ್ಯಾನಿಕ್ ಹತ್ತಿರ ಹೋದರು. ಅವನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಅದರಲ್ಲೂ ಸುತ್ತ ನಾಲ್ಕು ಜನ ಇದ್ದರೆ ನಾಲಿಗೆ ಸುಮ್ಮನಿರುವುದಿಲ್ಲ. ಅವತ್ತು ಆರು ಜನ ಇದ್ದರು.

"ಅಷ್ಟು ಒಳ್ಳೆ ಗಾಡೀನ ಯಾಕೆ ಕುಳ್ಳ ಮಾಡ್ತೀರಾ ಮೇಷ್ಟ್ರೇ? ನಿಮ್ಮನ್ನೇ ಎರಡೂ ಕಡೆಯಿಂದ ಹಿಡಿದು ಎಳೆಯೋಣ ಬಿಡಿ. ಬೇಗ ಆಗುತ್ತೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು. "ಆಯ್ತಪ್ಪ, ಇನ್ನೊಂದು ದಿನ ಬರ್ತೀನಿ" ಅಂದು ಗಾಡಿ ತಳ್ಳಿಕೊಂಡು ಹೋದರು. ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ಗಂಡ ಹೆಂಡತಿ ಸಮುದ್ರಕ್ಕೆ ಹೊರಟರು. ಊರಾಚೆಯ ಏರಿನಲ್ಲಿ ರೈಲ್ವೆ ಗೇಟು ಆಗಷ್ಟೇ ತೆರೆದಿತ್ತು, ವಾಹನಗಳು ತೆವಳುತ್ತಿದ್ದವು. ಮೇಷ್ಟ್ರು ಬ್ರೇಕ್ ಹಿಡಿದು ಕಾಲು ಚಾಚಿದರು. ಕೆಳಗೆ ಜಲ್ಲಿ. ತುದಿಗಾಲು ಜಾರಿ, ತುಂಬಿದ ಬ್ಯಾಗುಗಳ ಸಮೇತ ಗಾಡಿ ಪಕ್ಕದಲ್ಲಿ ಸಾಗುತ್ತಿದ್ದ ಲಾರಿಯ ಚಕ್ರದ ಕಡೆಗೆ ವಾಲಿತು. ಹೆಂಡತಿಯ ಎಡ ಮೊಣಕಾಲು ಚೂರಾಯಿತು. ಮೇಷ್ಟ್ರು ಅಲ್ಲೇ ಹೋಗಿಬಿಟ್ಟರು.

ಸುದ್ದಿ ಕೇಳಿದಾಗ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಶೆಡ್ಡಿನ ಹಿಂದೆ ಹೋಗಿ ಕೂತ. ಅವತ್ತು ನಕ್ಕವರು ಬಂದಾಗೆಲ್ಲ ಅವರ ಮುಖ ನೋಡುತ್ತಿದ್ದ. ಯಾರೂ ಆ ಮಾತು ಎತ್ತಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು.

ಏಳು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರ ತಮ್ಮ ಅದೇ ಬೈಕನ್ನು ತಳ್ಳಿಕೊಂಡು ಬಂದ. ಹಿಂದೆ ಕುಂಟುತ್ತಾ ಮೇಷ್ಟ್ರ ಹೆಂಡತಿ.

"ಗುಜರಿಗೆ ಹಾಕೋಣ ಅಂದೆ. ಅತ್ತಿಗೆ ಬೇಡ ಅಂತಾರೆ" ಅಂದು ಅವನು ಹೊರಟುಹೋದ.

ಆಕೆ ಮುರಿದ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. "ನಾನು ಓಡಿಸ್ಬೇಕು. ಎಷ್ಟು ಇಳಿಸಬಹುದು?"

ಮೆಕ್ಯಾನಿಕ್ ನೆಲ ನೋಡುತ್ತಾ ಹೇಳಿದ: "ಎರಡೂವರೆ ಇಂಚು. ಸೀಟಿನ ಸ್ಪಂಜು ಒಂದಿಂಚು ಕೊಯ್ಯಬಹುದು. ಉಳಿದದ್ದಕ್ಕೆ ಹಿಂದಿನ ಶಾಕ್ ಅಬ್ಸಾರ್ಬರಿನ ಕೊಂಡಿ ಬದಲಿಸಬೇಕು. ಹಿಂದೆ ಇಳಿಸಿದ್ರೆ ಮುಂದಿನ ಚಕ್ರ ಹಿಡಿಯೋ ಫೋರ್ಕೂ ಇಳಿಸಬೇಕು, ಇಲ್ಲಾಂದ್ರೆ ತಿರುವಲ್ಲಿ ಹ್ಯಾಂಡಲ್ ಮಾತು ಕೇಳಲ್ಲ. ಸೈಡ್ ಸ್ಟ್ಯಾಂಡನ್ನೂ ಗಿಡ್ಡ..." ಅಂದವನು ನಾಲಿಗೆ ಕಚ್ಚಿಕೊಂಡ.

"ಗಿಡ್ಡ ಮಾಡಿ" ಅಂದಳು ಆಕೆ. "ಸೀಟಿನ ಕವರ್ ಬಿಚ್ಚಿ ಕೊಡಿ. ಹೊಲಿಗೆ ನಾನೇ ಹಾಕ್ತೀನಿ."

ಎರಡು ದಿನ ಕೆಲಸ ನಡೆಯಿತು. ಅವನು ಸ್ಪಂಜನ್ನು ಗರಗಸದ ಅಲಗಿನಿಂದ ಪದರ ಪದರವಾಗಿ ತೆಗೆದ, ಸ್ಟ್ಯಾಂಡು ಕತ್ತರಿಸಿ ಬೆಸುಗೆ ಹಾಕಿದ. ಆಕೆ ದಪ್ಪ ಸೂಜಿಯಿಂದ ಕವರಿನ ಅಂಚು ಹೊಲಿದಳು. ಹೊಲಿಗೆ ಮುಗಿಯುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಅವತ್ತು ಮೇಷ್ಟ್ರಿಗೆ ನಾನು ಒಂದು ಮಾತು ಅಂದಿದ್ದೆ."

"ಗೊತ್ತು. ಮನೆಗೆ ಬಂದು ಹೇಳಿದ್ರು. ನಗ್ತಾನೇ ಹೇಳಿದ್ರು. ನಾನೂ ನಕ್ಕೆ." ಆಕೆ ದಾರ ಹಲ್ಲಿನಿಂದ ಕಡಿದಳು. "ಆಸ್ಪತ್ರೆಯವರು ಅವರ ಬೂಟು ಕೊಟ್ರು. ಒಳಗೆ ಮೂರು ಪದರ ರಟ್ಟಿತ್ತು. ಡ್ರಾಯಿಂಗ್ ಪುಸ್ತಕದ ರಟ್ಟು, ಪಾದದ ಅಳತೆಗೆ ನೀಟಾಗಿ ಕತ್ತರಿಸಿದ್ರು. ನನಗೂ ಹೇಳಿರಲಿಲ್ಲ."

ಮೆಕ್ಯಾನಿಕ್ ಕೈ ಒರೆಸಿಕೊಂಡು ಎದ್ದು ನಿಂತ. "ನನ್ನಿಂದ ತಪ್ಪಾಯ್ತು. ಕ್ಷಮಿಸಿಬಿಡಿ ಅಮ್ಮಾ."

"ಅದೊಂದು ಕೇಳ್ಬೇಡಿ" ಅಂದಳು, ದನಿ ಏರಿಸದೆ. "ಕೊಡೋಕೆ ನನ್ನ ಹತ್ರ ಇಲ್ಲ. ಬೇರೆ ಮೆಕ್ಯಾನಿಕ್ ಬೇಕಾದಷ್ಟು ಜನ ಇದ್ರು. ಅವರು ನಿಮ್ಮನ್ನ ಕೇಳಿದ ಕೆಲಸ ಇದು, ನೀವೇ ಮಾಡ್ಬೇಕು ಅಂತ ಬಂದೆ."

ಸೀಟು ಕೂರಿಸಿದ ಮೇಲೆ ಆಕೆ ಹತ್ತಿ ಕೂತಳು. ಬಲಪಾದ ಪೂರ್ತಿ ಊರಿತು. ಆಪರೇಷನ್ನಿನಲ್ಲಿ ಸ್ಟೀಲ್ ಪ್ಲೇಟು ಹಾಕಿದ ಎಡ ಮೊಣಕಾಲು ನೆಟ್ಟಗೆ ಚಾಚಲಾಗದೆ ಹಿಮ್ಮಡಿ ಒಂದು ಬೆರಳಷ್ಟು ಮೇಲೇ ಉಳಿಯಿತು. ಅವನು ಎಣ್ಣೆ ಬಿದ್ದ ನೆಲದ ಮೇಲೆ ಕೆನ್ನೆಯಿಟ್ಟು ಆ ಸಂದನ್ನೇ ನೋಡಿದ. "ಇಳೀರಿ. ಹೀಗೆ ಕಳಿಸಲ್ಲ" ಅಂದ. ಸೀಟು ಮತ್ತೆ ಬಿಚ್ಚಿದ, ಎಡತೊಡೆಯ ಜಾಗದಲ್ಲಿ ಅಂಚು ಕೆರೆದು ಕಿರಿದು ಮಾಡಿದ. ಆಕೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳು. ಸಂಜೆಯ ಹೊತ್ತಿಗೆ ಎರಡೂ ಪಾದ ಊರಿದವು.

ಆಕೆ ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಕೆಲಸ ಸರಿಯಾಗಿದೆ ಅಂದಳು, ಅಷ್ಟೇ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೋದಳು.

ಅವಳು ಒಬ್ಬಳೇ ಸಮುದ್ರದವರೆಗೂ ಹೋಗಿ ಬಂದದ್ದು ಮೆಕ್ಯಾನಿಕ್‌ಗೆ ಅವಳ ಮೈದುನನಿಂದ ಗೊತ್ತಾಯಿತು. ಅಲ್ಲಿ ಏನು ಮಾಡಿದಳು ಅಂತ ಮೈದುನನಿಗೂ ಹೇಳಲಿಲ್ಲವಂತೆ. ಈಗ ಆ ಗಾಡಿಯಲ್ಲೇ ಕಾರ್ಖಾನೆಗೆ ಹೋಗುತ್ತಾಳೆ. ಸರ್ವಿಸಿಗೆ ಮಾತ್ರ ಇನ್ನೊಂದು ಬೀದಿಯ ಶೆಡ್ಡಿಗೆ ಬಿಡುತ್ತಾಳೆ.