ತಡೆಯಬಾರದವರ ಪಟ್ಟಿ

ಬೆರಳಿನ ವಿಭೂತಿ ಕೀಲಿಗೆ ಅಂಟಿದೆ, ಎಂ ಅಕ್ಷರದ ಮೇಲೆ ಬೆಳ್ಳಗೆ ಒಂದು ಗುರುತು, ಒರೆಸಬೇಕು — ಫೋನು, ಯಳಂದೂರಿನಿಂದ ಮಾಲಿನಿ, ಅಕ್ಕನ ಮಗಳು, ಚಿಕ್ಕವ್ವ, ಅವ್ವಂದೊಂದು ಮೇಲ್ ಬಂದದೆ, ಈಗ್ಲೇ, ನೋಡು ಅಂತ ಬರ್ದದೆ, ಜೊತೇಲಿ ಫೈಲ್ ಅದೆ, ಒತ್ಲಾ? ಒತ್ಬೇಡ. ಹೆಸ್ರು ಅವ್ವಂದೇ ಅಲ್ವಾ? ಒತ್ಬೇಡ ಅಂದ್ನಲ್ಲ, ಇರು, ನೋಡ್ತೀನಿ — ಹನೂರಿನ ಹೊಲದಲ್ಲಿ ಅಕ್ಕನನ್ನು ಸಮಾಧಿಯಲ್ಲಿ ಕೂರಿಸಿ ಮೂರು ತಿಂಗಳಾಯಿತು, ಆದರೂ ನನಗೂ ಒಂದು ಕ್ಷಣ ಎದೆ ಹಾರಿತಲ್ಲ. ದೇವರ ಗೂಡಿನ ಕೆಳಗೆ ಕುಂಯ್ಗುಡುತ್ತಿದೆ ಪೆಟ್ಟಿಗೆ, ನಿವೃತ್ತಿಯಾದ ಮೇಲೆ ಪುಸ್ತಕ ನೋಡಿ ನಾನೇ ಕಟ್ಟಿದ ಮೇಲ್ ಸರ್ವರ್, ನಮ್ಮ ಐದು ಮನೆಯ ಕಾಗದಗಳೂ ಇಲ್ಲೇ ಇಳಿಯುವುದು, ಬೇಡದ ಜಾಹೀರಾತು, ವೈರಸ್ ಹೊತ್ತ ಫೈಲು ಎಲ್ಲ ಬಾಗಿಲಲ್ಲೇ ನಿಲ್ಲುತ್ತವೆ, ಮತ್ತೆ ಇದು ಹೇಗೆ ಒಳಗೆ ಬಂತು? ಬಂದ ದಾರಿಯ ವಿವರ ಬಿಚ್ಚಿ ಕೆಳಗಿನಿಂದ ಮೇಲಕ್ಕೆ ಓದು, ಕೊಳ್ಳೇಗಾಲದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ನೋಡಿದ ಕಣ್ಣು, ಕಳಿಸಿದವರ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಕೊನೆಯ ಮುದ್ರೆ ಮಾತ್ರ ನಮ್ಮ ಯಂತ್ರವೇ ಒತ್ತಿದ್ದು — ಇಲ್ಲಿದೆ, ಎಲ್ಲಿಯದೋ ಯಂತ್ರ, ಊರಿಲ್ಲ ಹೆಸರಿಲ್ಲ, ಬರೀ ಅಂಕಿ. ಏನು ಚಾಲಾಕಿನ ಕಳ್ಳ, ಅಕ್ಕನ ವಿಳಾಸ ಇವನಿಗೆ ಎಲ್ಲಿ ಸಿಕ್ಕಿತು, ಅವಳು ಇಲ್ಲವೆಂದು ಇವನಿಗೆ ಗೊತ್ತೆ, ಗೊತ್ತಿದ್ದರೆ ನಾಚಿಕೆಯಾಗುತ್ತಿತ್ತೆ? ಅದಿರಲಿ, ಒಳಗೆ ಬಿಟ್ಟವರು ಯಾರು? ನಾನೇ. ತಡೆಯಬಾರದವರ ಪಟ್ಟಿ, ಅದರಲ್ಲಿ ಇರುವುದೇ ಒಂದು ಸಾಲು, ಪುಟ್ಟಬಸಮ್ಮ. ಅಕ್ಕ ಯಾವ ಕಾಗದಕ್ಕೂ ಅರ್ಜೆಂಟ್ ಅರ್ಜೆಂಟ್ ಅಂತ ತಲೆಬರಹ ಹಾಕುವವಳು, ಹುರುಳಿಸಾರಿನ ವಿಷಯಕ್ಕೂ ಅರ್ಜೆಂಟ್, ಯಂತ್ರ ಹಿಡಿದು ಹಿಡಿದು ನಿಲ್ಲಿಸುತ್ತಿತ್ತು, ಲೇ ಶಿವಮ್ಮ, ಒಡಹುಟ್ಟಿದೋಳ ಕಾಗ್ದನೇ ಈಚೆ ನಿಲ್ಲಿಸ್ತೀಯಲ್ಲ, ನಾನೇನ್ ಕಳ್ಳೀನಾ? ನಕ್ಕು ನಕ್ಕು ಬರೆದ ಸಾಲು ಅದು, ಇವಳು ಏನು ಕಳಿಸಿದರೂ ತಪಾಸಣೆ ಮಾಡಬೇಡ, ಬಿಡು.

ಫೈಲನ್ನು ತಪಾಸಣೆಗೆ ಹಾಕಿದೆ, ವೈರಸ್, ಒತ್ತಿದರೆ ಕಂಪ್ಯೂಟರಿನಲ್ಲಿ ಇರುವುದಕ್ಕೆಲ್ಲ ಬೀಗ, ಅಕ್ಕನ ಫೋಟೋಗಳನ್ನೆಲ್ಲ ಮಾಲಿನಿ ಇಟ್ಟಿರುವುದು ಅದೊಂದರಲ್ಲೇ, ಅಕ್ಕ ಶಿವನಾಮ ಹೇಳುವ ಧ್ವನಿಯೂ. ಚಿಕ್ಕವ್ವ, ಇದ್ದೀಯಾ? ಇದ್ದೀನಿ, ಅಳಿಸು ಅದನ್ನ. ನೀನು ಬುಡು, ಬದುಕಿದ್ದಾಗ್ಲೂ ಅವಳ ಕಾಗ್ದ ತಡೆದೋಳು. ಅದು ಅವ್ವ ಅಲ್ಲ ಕಣ್ ಮಗ. ಗೊತ್ತು, ಅಳಿಸ್ದೆ, ಸುಮ್ನೆ ಅಂದೆ — ಫೋನು ಇಟ್ಟಳು. ಇನ್ನೊಂದು ಬಂದರೆ ಒತ್ತದೆ ಇರುತ್ತಾಳೆಯೆ, ಅವಳ ಜಾಗದಲ್ಲಿ ನಾನಾದರೂ ಇರುತ್ತಿದ್ದೆನೆ? ಮಾದಪ್ಪಾ, ಪಟ್ಟಿ ತೆರೆದೆ, ಸಾಲಿನ ಕೊನೆಗೆ ಹೋಗಿ ಒಂದೊಂದೇ ಅಕ್ಷರ ಹಿಂದಕ್ಕೆ, ಒಟ್ಟಿಗೆ ಅಳಿಸಲು ಬರುತ್ತದೆ, ಆದರೂ ಒಂದೊಂದೇ, ಪು ಉಳಿಯಿತು, ಅದೂ ಹೋಯಿತು, ಪಟ್ಟಿ ಖಾಲಿ. ಈಗ ಬಾಗಿಲಿಗೆ ಬಂದವರ ದಾಖಲೆಯಲ್ಲಿ ಹೊಸ ಸಾಲು ಬಿತ್ತು, ಅದೇ ಯಂತ್ರ, ಅದೇ ಅಂಕಿ, ಪುಟ್ಟಬಸಮ್ಮ, ತಡೆಯಲಾಗಿದೆ. ಸರಿಯಾಗಿ ಕೆಲಸ ಮಾಡುತ್ತಿದೆ, ನೋಡೋಣ, ಮತ್ತೆ ಬರುತ್ತದೆಯೋ, ಎಷ್ಟು ಹೊತ್ತಿಗೆ ಬರುತ್ತದೆಯೋ — ಬಂತು, ಪುಟ್ಟಬಸಮ್ಮ, ತಡೆಯಲಾಗಿದೆ, ಏಳಬೇಕು, ಕಾಫಿ ಆರಿತು, ಇನ್ನೊಂದು ಸಲ ನೋಡಿ ಏಳುತ್ತೇನೆ, ಬಾಗಿಲಲ್ಲಿ ಪುಟ್ಟಬಸಮ್ಮ, ತಡೆಯಲಾಗಿದೆ, ಪುಟ್ಟಬಸಮ್ಮ, ತಡೆಯಲಾಗಿದೆ, ಪುಟ್ಟಬಸಮ್ಮ